ಸೂತಕದ ಮೀನು

ನನ್ನ ಆಯುಷ್ಯದ ಬಹುಭಾಗವನ್ನು ನಾನು ಭಾರತದ ವೈವಿಧ್ಯವನ್ನು ಹೊಗಳುವುದರಲ್ಲಿಯೇ ಸವೆಸಿದ್ದೇನೆಂದರೆ ಅತಿಶಯೋಕ್ತಿಯಾಗಲಾರದು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದ ಕಾಲದಲ್ಲಿ ಧ್ವಜವಂದನೆಯ ದಿನದ ಭಾಷಣವು ನನ್ನ ಪಾಲಿಗೆ ವಂಶಪಾರಂಪರ್ಯದ ವತನದ ಹಾಗೆ ಬಂದು ಸೇರಿತ್ತು. ಸಹೋದ್ಯೋಗಿಗಳು ಲಾಡು ಹಂಚುವ ಸಿದ್ಧತೆಯಲ್ಲಿರುವಾಗ ನಾನು ಹಿಮಾಲಯದಿಂದ ಆರಂಭಿಸಿ ಸಾವಕಾಶವಾಗಿ ದಕ್ಷಿಣಕ್ಕೆ ಇಳಿಯುತ್ತಿದ್ದೆ. ನನ್ನ ಭಾಷಣದಲ್ಲಿ ಪಂಜಾಬಿಯು ಕುಣಿಯುತ್ತಿದ್ದ, ರಜಪೂತನು ಮುಂಡಾಸ ಸುತ್ತುತ್ತಿದ್ದ, ಮಲೆಯಾಳಿಯು ದೋಣಿ ನಡೆಸುತ್ತಿದ್ದ, ಬಂಗಾಳಿಯು ಮೀನು ತಿನ್ನುತ್ತಿದ್ದ. ಮೀನಿನ ಮಾತು ಬಂದಾಗ ಹುಡುಗರು ಕಿಸಕ್ಕನೆ ನಗುತ್ತಿದ್ದರು. ನಾನು ಕೈಯೆತ್ತಿ, ಅತ್ಯಂತ ಗಂಭೀರನಾಗಿ, ಅದು ಅವರ ಸಂಪ್ರದಾಯ, ಅದನ್ನು ನಾವು ಗೌರವಿಸಬೇಕು ಎಂದು ಹೇಳುತ್ತಿದ್ದೆ. ಗೌರವಿಸುವುದು ಆಗ ಬಹಳ ಸುಲಭವಾಗಿತ್ತು. ಬಂಗಾಳವು ಬೈಲಹೊಂಗಲದಿಂದ ಬಹಳ ದೂರವಿತ್ತು.

ನಾನು ನಿವೃತ್ತನಾದ ಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಬಂಗಾಳವು ಒಂದು ಕಬ್ಬಿಣದ ಟ್ರಂಕು ಹಿಡಿದುಕೊಂಡು ನಮ್ಮ ಮಾಳಿಗೆಯನ್ನು ಏರಿತು. ಅವನ ಹೆಸರು ನಿಮಾಯಿ. ಪೇಟೆಯ ಸರಾಫರ ಅಂಗಡಿಯೊಂದರಲ್ಲಿ ಚಿನ್ನದ ಕುಸುರಿ ಕೆಲಸಕ್ಕೆಂದು ಅಷ್ಟು ದೂರದಿಂದ ಬಂದ ತರುಣ. ಮಾಳಿಗೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಿದ. ನನ್ನ ಮನೆಯವರು, ಗೌರವ್ವನವರು, ಅವನ ಹೆಸರನ್ನು ನಾಲಗೆಯ ಮೇಲೆ ಎರಡು ದಿನ ಹೊರಳಾಡಿಸಿ ನೋಡಿ, ಕಡೆಗೆ "ನಿಂಗಣ್ಣ" ಎಂದು ತೀರ್ಮಾನ ಮಾಡಿದರು. ಅವನೂ ಒಪ್ಪಿಕೊಂಡ. ನಾವು ಲಿಂಗವಂತರು, ಮನೆಯಲ್ಲಿ ನಿತ್ಯವೂ ಲಿಂಗಪೂಜೆ ನಡೆಯುತ್ತದೆ, ಆದ್ದರಿಂದ ಈ ಹೊಸ್ತಿಲೊಳಗೆ ಮೀನು ಮಾಂಸ ಬರಕೂಡದು ಎಂದು ನಾನು ಹೇಳಿದ್ದಕ್ಕೂ ಒಪ್ಪಿದ. ರವಿವಾರ ಬಸ್ ಸ್ಟ್ಯಾಂಡಿನ ಬಳಿಯ ಖಾನಾವಳಿಯಲ್ಲಿ ತನ್ನ ಆಸೆ ತೀರಿಸಿಕೊಂಡು, ಬಾಯಲ್ಲಿ ಲವಂಗ ಹಾಕಿಕೊಂಡು, ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲೇರುತ್ತಿದ್ದ. "ಲವಂಗದ ವಾಸನಿ ಬಂತು, ನಿಂಗಣ್ಣ ಉಂಡು ಬಂದಾ" ಎಂದು ನನ್ನ ಮನೆಯವರು ಒಳಗಿನಿಂದಲೇ ಸಾರುತ್ತಿದ್ದರು. ಹೀಗೆ ಎರಡು ವರ್ಷ ನಮ್ಮ ಮನೆಯಲ್ಲಿ ರಾಷ್ಟ್ರೀಯ ಏಕತೆಗೆ ಯಾವ ಭಂಗವೂ ಬರಲಿಲ್ಲ.

ಒಂದು ಶ್ರಾವಣದ ಸಂಜೆ ಅವನು ಎಸ್‌ಟಿಡಿ ಬೂತಿನಿಂದ ಮರಳಿ ಬಂದವನು ಮೆಟ್ಟಿಲು ಹತ್ತಲಿಲ್ಲ. ಮೊದಲನೆಯ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ. "ಮಾಸ್ತರ್‌ಜಿ, ಬಾಬಾ ಹೋದ್ರು" ಎಂದ. ತಂದೆ ತೀರಿಕೊಂಡು, ಅಣ್ಣನು ಬೆಂಕಿ ಕೊಟ್ಟು, ಬೂದಿ ಸಹ ಆರಿದ ಮೇಲೆ ಅವನಿಗೆ ಸುದ್ದಿ ತಲುಪಿತ್ತು. ರೈಲಿನಲ್ಲಿ ಮೂರು ದಿನದ ಹಾದಿ. ಈಗ ಬಂದು ಏನು ನೋಡುತ್ತೀಯೆ, ಇದ್ದಲ್ಲಿಯೇ ನಿನ್ನ ನೇಮ ಮಾಡು ಎಂದು ತಾಯಿ ಹೇಳಿದ್ದಳಂತೆ.

ಸಾವಿನ ಮನೆಗೆ ಹೋಗಿ ಸಮಾಧಾನದ ಮಾತು ಹೇಳುವುದರಲ್ಲಿ ನಾನು ಊರಿನಲ್ಲಿ ಹೆಸರಾದವನು. ನಮ್ಮಲ್ಲಿ ಸೂತಕವೆಂಬುದಿಲ್ಲ. ಮೈಮೇಲೆ ಲಿಂಗವಿರುವವನಿಗೆ ಹುಟ್ಟಿನ ಮೈಲಿಗೆಯೂ ಇಲ್ಲ, ಸಾವಿನ ಮೈಲಿಗೆಯೂ ಇಲ್ಲ. ತೀರಿಕೊಂಡವರನ್ನು ನಾವು ಸತ್ತರೆನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ವಿಭೂತಿ ಧರಿಸಿ, ಹೂವು ಏರಿಸಿ, ಕುಳ್ಳಿರಿಸಿ, ಭಜನೆಯೊಡನೆ ಮದುಮಗನ ಹಾಗೆ ಕಳಿಸಿಕೊಡುತ್ತೇವೆ. ಆದ್ದರಿಂದ ಅಳುವುದು ಸಲ್ಲದು ಎಂದು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೆಯೋ! ಅಳುತ್ತಿದ್ದವರು ನನ್ನ ಮಾತು ಮುಗಿಯುವವರೆಗೆ ಅಳು ನಿಲ್ಲಿಸಿ, ನಾನು ಓಣಿ ತಿರುಗಿದ ಮೇಲೆ ಮುಂದುವರಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಇದೇ ಅಭ್ಯಾಸದ ಬಲದಿಂದ ನಿಮಾಯಿಯ ಹೆಗಲ ಮೇಲೂ ಕೈಯಿಟ್ಟು, "ಅಳಬ್ಯಾಡ ತಮ್ಮಾ. ನಿಮ್ಮ ತಂದಿ ಶಿವನೊಳಗ ಕೂಡಿದ್ರು. ನಾಳೆ ಜಳಕಾ ಮಾಡಿ ಕೆಲಸಕ್ಕ ಹೋಗು. ಕೆಲಸದಾಗ ದುಃಖ ಕರಗತೈತಿ" ಎಂದೆ. ಅವನು ತಲೆಯಾಡಿಸಿದ. ನನ್ನ ಮಾತು ನಾಟಿತೆಂದು ನಾನು ಒಳಗೆ ಬಂದು ಪೂಜೆಗೆ ಕುಳಿತೆ. ಬಂಗಾಳಿಗಳು ತಲೆಯನ್ನು ಯಾವ ಅರ್ಥದಲ್ಲಿ ಆಡಿಸುತ್ತಾರೆಂಬುದನ್ನು ಆಗಲೇ ವಿಚಾರಿಸಿಕೊಳ್ಳಬೇಕಿತ್ತು.

ಹಾಗೆ ನೋಡಿದರೆ ನಮ್ಮ ಓಣಿಯೊಂದರಲ್ಲಿಯೇ ದುಃಖಕ್ಕೆ ಎಷ್ಟೊಂದು ಪಾಠಾಂತರಗಳಿವೆ! ಮೂಲೆಯ ಮರಾಠರ ಮನೆಯಲ್ಲಿ ಹೆಂಗಸರು ತೀರಿಕೊಂಡವರ ಗುಣಗಳನ್ನು ಹಾಡಿ ಹಾಡಿ ಅಳುತ್ತಾರೆ; ಬದುಕಿರುವಾಗ ಯಾರ ಕಣ್ಣಿಗೂ ಬೀಳದ ಗುಣಗಳು ಅಂದು ಬೆಳಕಿಗೆ ಬರುತ್ತವೆ. ಬಾವಿಕಟ್ಟೆಯ ಹತ್ತಿರದ ಮುಸಲ್ಮಾನರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ನೆರೆಯವರು ಅನ್ನ ತರುತ್ತಾರೆ, ಗಂಡಸರು ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುತ್ತಾರೆ. ಎದುರಿನ ಜೋಶಿಯವರಲ್ಲಿ ಮಡಿ, ತರ್ಪಣ, ಪಿಂಡ, ಆಮೇಲೆ ಕಾಗೆಗಾಗಿ ಕಾಯುವುದು; ಆ ಮನೆಯ ಶಿಸ್ತಿಗೆ ಹೆದರಿ ಕಾಗೆಗಳು ಸಹ ತಡವಾಗಿ ಬರುತ್ತವೆಂದು ನನ್ನ ಅನುಮಾನ. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿರುವ ಕಾಂಬಳೆಯವರು ಬೌದ್ಧರು, ಸರಕಾರಿ ಬಸ್ಸಿನ ಕಂಡಕ್ಟರು; ಅವರ ತಾಯಿ ತೀರಿಕೊಂಡಾಗ ಬುದ್ಧನ ಪಟದ ಮುಂದೆ ಮೇಣಬತ್ತಿ ಹಚ್ಚಿ, ಎಲ್ಲರೂ ಕೂತು ಒಂದಷ್ಟು ಹೊತ್ತು ಸುಮ್ಮನಿದ್ದು ಎದ್ದರು. ಇವೆಲ್ಲವನ್ನೂ ನಾನು ಬಲ್ಲೆ, ಆದರೆ ಆಯಾ ಮನೆಯ ಹೊರಗೆ ನಿಂತು ಬಲ್ಲೆ. ಹೊರಗೆ ನಿಂತವನಿಗೆ ಎಲ್ಲ ಸಂಪ್ರದಾಯಗಳೂ ಸುಂದರವಾಗಿಯೇ ಕಾಣುತ್ತವೆ.

ಮರುದಿನ ಬೆಳಿಗ್ಗೆ ಅಂಗಳದಿಂದ ನನ್ನ ಮನೆಯವರ ಕೂಗು ಕೇಳಿಸಿತು. "ಲಗೂ ಬರ್ರಿ ಇಲ್ಲೆ! ನಿಂಗಣ್ಣ ಸನ್ಯಾಸಿ ಆಗ್ಯಾನ!" ಹೊರಗೆ ಬಂದು ನೋಡಿದರೆ ನಿಮಾಯಿಯು ಹೊಲಿಗೆಯಿಲ್ಲದ ಒಂದೇ ಬಿಳಿ ಬಟ್ಟೆಯನ್ನು ಉಟ್ಟು ಅದನ್ನೇ ಹೊದ್ದು, ಬರಿಗಾಲಿನಲ್ಲಿ, ಕಂಕುಳಲ್ಲಿ ಸಣ್ಣದೊಂದು ಚಾಪೆ ಹಿಡಿದು ನಿಂತಿದ್ದ. ಕೊರಳಲ್ಲಿ ದಾರ, ದಾರದಲ್ಲಿ ಬೀಗದ ಕೈ. ಅವರ ಕಡೆ ತಂದೆ ತೀರಿದ ಮಗನು ನೇಮ ಮುಗಿಯುವವರೆಗೆ ಹೀಗೆಯೇ ಇರಬೇಕಂತೆ. ಮೈಮೇಲೆ ಕಬ್ಬಿಣದ ಚೂರು ಇರಬೇಕಂತೆ. ಎಲ್ಲಿ ಕುಳಿತರೂ ಆ ಚಾಪೆಯ ಮೇಲೆಯೇ ಕುಳಿತುಕೊಳ್ಳಬೇಕಂತೆ. ಗಡ್ಡ ತೆಗೆಯಕೂಡದು, ತನ್ನ ಕಸುಬಿನ ಹತಾರ ಮುಟ್ಟಕೂಡದು, ತಾನೇ ಬೇಯಿಸಿದ ಉಪ್ಪಿಲ್ಲದ ಸಪ್ಪೆ ಅನ್ನವನ್ನು ದಿನಕ್ಕೊಮ್ಮೆ ಉಣ್ಣಬೇಕು. ಕೊರಳಿಗೆ ಕಟ್ಟಬಹುದಾದ ಕಬ್ಬಿಣವೆಂದು ಅವನ ಬಳಿ ಇದ್ದದ್ದು ನಮ್ಮ ಮಾಳಿಗೆಯ ಕೋಣೆಯ ಬೀಗದ ಕೈಯೊಂದೇ. ಹೀಗಾಗಿ ಕೋಣೆಗೆ ಬೀಗ ಹಾಕಬೇಕಾದಾಗಲೆಲ್ಲ ಅವನು ಬಾಗಿಲಿಗೆ ಕೊರಳು ಚಾಚಿ, ತಲೆ ತಗ್ಗಿಸಿ ನಿಲ್ಲಬೇಕಾಗುತ್ತಿತ್ತು. ನನ್ನ ಮನೆಯ ಬಾಗಿಲಿಗೆ ಅಷ್ಟು ವಿನಯದಿಂದ ಬಾಗಿದ ಬಾಡಿಗೆದಾರನನ್ನು ನಾನು ಮತ್ತೆ ಕಂಡಿಲ್ಲ.

ಅವನು ನಮ್ಮ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರತೊಡಗಿದ. ಗಡ್ಡ ಬೆಳೆಯಿತು, ಕಣ್ಣು ಒಳಗೆ ಹೋದವು. ಸಂತೆಗೆ ಬಂದ ಹಳ್ಳಿಯ ಹೆಂಗಸರಿಬ್ಬರು ಈ ಶ್ವೇತವಸ್ತ್ರದ ಮೌನಿಯನ್ನು ಯಾವುದೋ ಮಠದ ಅಜ್ಜನೆಂದು ಬಗೆದು, ಉಡಿಯಲ್ಲಿದ್ದ ಜೋಳವನ್ನು ಚಾಪೆಯ ಮುಂದೆ ಸುರಿದು, "ಅಜ್ಜಾರ, ನಮ್ಮ ಎಮ್ಮಿ ಹಾಲ ಕೊಡವಲ್ತು" ಎಂದು ಅರಿಕೆ ಮಾಡಿಕೊಂಡರು. ಅವನು ತಲೆಯಾಡಿಸಿದ. ಎಮ್ಮೆ ಹಾಲು ಕೊಟ್ಟಿತೆಂಬ ಸುದ್ದಿ ಮುಂದಿನ ಸಂತೆಯ ಹೊತ್ತಿಗೆ ಬಂತು. ಜೊತೆಗೆ ಇನ್ನಷ್ಟು ಜನ ಬಂದರು. ನಲವತ್ತು ವರ್ಷ ವ್ಯಾಕರಣ ಕಲಿಸಿ ನಾನು ಗಳಿಸದ ಗೌರವವನ್ನು ಅವನು ಒಂದು ಮಾತೂ ಆಡದೆ ನನ್ನದೇ ಕಟ್ಟೆಯ ಮೇಲೆ ಗಳಿಸಿದ.

ನನ್ನನ್ನು ಕಾಡಿದ್ದು ಅವನ ಅನ್ನ. ಅವರ ಕಡೆ ದಿನನಿತ್ಯ ಕುದಿಸಿದ ಭತ್ತದ ಅಕ್ಕಿಯನ್ನು ಉಣ್ಣುತ್ತಾರಂತೆ. ಸೂತಕದಲ್ಲಿ ಮಾತ್ರ ಭತ್ತವನ್ನು ಕುದಿಸದೆ ಮಾಡಿದ ಬಿಳಿಯ ಅಕ್ಕಿ, ಮೇಲೆ ಒಂದಿಷ್ಟು ತುಪ್ಪ. ಅದಕ್ಕಾಗಿ ಎಲ್ಲಿ ಹುಡುಕಲಿ ಎಂದು ಅವನು ಚಿಂತಿಸುತ್ತಿದ್ದಾಗ ನನ್ನ ಮನೆಯವರು ಡಬ್ಬಿಯ ಮುಚ್ಚಳ ತೆರೆದು ತೋರಿಸಿದರು. ಅದೇ ಅಕ್ಕಿ! ನಾವು ದಿನಾ ಜೋಳದ ರೊಟ್ಟಿ ತಿನ್ನುವವರು. ಬಿಳಿಯ ಅನ್ನ, ಮೇಲೆ ತುಪ್ಪ ಎಂದರೆ ನಮಗೆ ಹಬ್ಬ. ಅವರ ಸೂತಕದ ಊಟ ನಮ್ಮ ಹಬ್ಬದ ಊಟ. ಆ ಶ್ರಾವಣ ಸೋಮವಾರ ನಾವು ಕೆಳಗೆ ಸಡಗರದಿಂದ ಉಂಡದ್ದನ್ನೇ ಅವನು ಮೇಲೆ ತಂದೆಗಾಗಿ ಉಂಡ. ಇದನ್ನು ಭಾಷಣದಲ್ಲಿ ಸೇರಿಸಲು ಈಗ ನನಗೆ ಶಾಲೆಯೂ ಉಳಿದಿಲ್ಲ.

ನೇಮ ಮುಗಿಯುತ್ತ ಬಂದಾಗ ಅವನು ಚಾಪೆ ಹಿಡಿದು ನನ್ನ ಬಳಿಗೆ ಬಂದ. "ಮಾಸ್ತರ್‌ಜಿ, ಆಖರೀ ದಿನ ಮೀನ ಬೇಕು."

"ಯಾತಕ್ಕ?"

"ಎಲ್ಲಾರೂ ಕುಂತು ಮೀನ ತಿನ್ನಬೇಕು. ದೊಡ್ಡವರು ಮೊದಲ ಬಾಯಿಗೆ ಇಡತಾರ. ಆಮ್ಯಾಲೆ ನಾನು. ಆಗ ಸೂತಕ ಖತಂ. ಮೀನ ಇಲ್ಲಂದ್ರ ಬಾಬಾ ಹೋಗಂಗಿಲ್ಲ. ಬಾಗಲದಾಗ ನಿಂತಿರತಾರ."

"ಅಲ್ಲೆ ನಿಮ್ಮ ಅಣ್ಣ ಮಾಡತಾನಲ್ಲಪಾ."

"ಅಣ್ಣಂದು ಅಣ್ಣಂಗ ಆಗತೈತಿ. ನಂದು ನಾನ ಮುಗಸಬೇಕು. ಅಲ್ಲೆ ನಿನ್ನವರು ಯಾರದಾರ, ಅವರ ಕೂಡ ಕುಂತು ತಿನ್ನು ಅಂತ ಮಾ ಹೇಳ್ಯಾಳ." ಕೊರಳಿನ ಬೀಗದ ಕೈಯನ್ನು ತಿರುವುತ್ತ, "ನನ್ನವರು ಅಂದ್ರ ನೀವ ಅದೀರಿ" ಎಂದ.

ಇಂಥ ಮಾತಿಗೆ ಒಬ್ಬ ಮನುಷ್ಯನು ಕೊಡಬಹುದಾದ ಉತ್ತರಗಳಲ್ಲಿ ಅತ್ಯಂತ ಕೆಟ್ಟದ್ದನ್ನು ನಾನು ಕೊಟ್ಟೆ. "ಬದನಿಕಾಯಿ ಆಗೂದಿಲ್ಲೇನು?" ಎಂದು ಕೇಳಿದೆ. ವಿಭಕ್ತಿ ಪ್ರತ್ಯಯ ತಪ್ಪಿದ ಹುಡುಗನನ್ನು ನಾನು ಯಾವ ಕರುಣೆಯಿಂದ ನೋಡುತ್ತಿದ್ದೆನೋ ಅದೇ ಕರುಣೆಯಿಂದ ಅವನು ನನ್ನನ್ನು ನೋಡಿದ. ಆಮೇಲೆ ಚಾಪೆ ಮಡಚಿಕೊಂಡು ಮೇಲೆ ಹೋದ.

ಅವನಿಗೆ ಹೊತ್ತು ಮೀರುತ್ತಿತ್ತು. ಅಂಗಡಿಯ ಸಾಹುಕಾರರು ಬಂದು, ಯಾವಾಗ ಹತಾರ ಹಿಡಿಯುತ್ತೀ ಎಂದು ಕಟ್ಟೆಯ ಕೆಳಗೆ ನಿಂತು ಕೇಳಿ ಹೋಗಿದ್ದರು. ಆದರೆ ಅವನ ಚಿಂತೆ ಸಾಹುಕಾರರದಾಗಿರಲಿಲ್ಲ. ಹಾದುಹೋಗುವಾಗಲೆಲ್ಲ ಅವನು ತಲೆಬಾಗಿಲಿನ ಒಂದು ಬದಿಗೆ ಸರಿದು, ಅಲ್ಲಿ ಯಾರೋ ನಿಂತಿರುವಂತೆ, ಮೈ ತಾಗಿಸದೆ ಹೋಗುವುದನ್ನು ನಾನು ಗಮನಿಸಿದೆ. ಎರಡು ದಿನದಲ್ಲಿ ನನ್ನ ಮನೆಯವರೂ ಹಾಗೆಯೇ ಸರಿದು ಹೋಗಲಾರಂಭಿಸಿದರು. ಮೂರನೆಯ ದಿನ ನಾನೂ.

ನಾನು ಗ್ರಂಥಗಳ ಮೊರೆಹೊಕ್ಕೆ. ಧರ್ಮಶಾಸ್ತ್ರದ ಹಳೆಯ ಸಂಪುಟಗಳು ನನ್ನ ಕಪಾಟಿನಲ್ಲಿದ್ದವು. ಅವು ನಮ್ಮ ಆಚಾರಕ್ಕೆ ಸಲ್ಲದಿದ್ದರೂ ಓದಿಗೆ ಸಲ್ಲುವಂಥವು. ಮೀನಿಗೆ ಬದಲಾಗಿ ಏನಾದರೂ ಕಾಯಿಪಲ್ಲೆಯನ್ನು ಹೇಳಿರಬಹುದೆಂಬ ಆಸೆಯಿಂದ ಪುಟ ತಿರುವಿದೆ. ಶಾಸ್ತ್ರಕಾರರು ಸುತ್ತಿ ಬಳಸಿ, ಒಂದೊಂದು ಸೀಮೆಯಲ್ಲಿ ಹಿರಿಯರು ನಡೆಸಿಕೊಂಡು ಬಂದದ್ದೇ ಆ ಸೀಮೆಗೆ ಪ್ರಮಾಣ ಎಂಬಲ್ಲಿಗೆ ಬಂದು ನಿಂತರು. ನನ್ನ ಗ್ರಂಥಗಳೇ ಮೀನಿನ ಪಕ್ಷ ವಹಿಸಿದವು.

"ಆ ಹುಡುಗ ಹಡದಪ್ಪನ್ನ ಬಾಗಲದಾಗ ನಿಂದರಿಸಿಕೊಂಡು ಕುಂತಾನ, ನಿಮಗ ಪುಸ್ತಕದ್ದು ಬಿದ್ದೈತಿ" ಎಂದರು ನನ್ನ ಮನೆಯವರು. ನಾನು ತಲೆಯೆತ್ತಿದೊಡನೆ, "ಹಂಗಂತ ನನ್ನ ಒಲೀಮ್ಯಾಲ ಆಗಂಗಿಲ್ಲ, ಈಗ ಹೇಳೇನಿ" ಎಂದು ಸೇರಿಸಿದರು.

ಗೋಡೆಯ ಆಚೆಯಿಂದ ಕಾಂಬಳೆಯವರು ಕೆಮ್ಮಿದರು. ನಮ್ಮ ಎರಡು ಮನೆಗಳ ನಡುವಿನ ಹಿತ್ತಲಗೋಡೆ ಎದೆಮಟ್ಟದ್ದು. ಅದರ ಮೇಲೆ ಮೊಣಕೈ ಊರಿ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಮಾಸ್ತರ್ರ, ನಾವು ಕರ್ಮಾ ಎಲ್ಲಾ ಬಿಟ್ಟೇವ್ರಿ. ಮೀನ ಬಿಟ್ಟಿಲ್ಲ. ನಮ್ಮ ಹಿತ್ತಲದಾಗ ಅಡಗಿ ಆಗಲಿ, ನಮ್ಮಾಕಿ ಮಾಡತಾಳ. ನಾವೂ ಅವನ ಕೂಡ ಕುಂದರತೇವಿ."

"ಭಾಳ ಉಪಕಾರ ಆತು ನೋಡ್ರಿ" ಎಂದು ನಾನು ನಿಟ್ಟುಸಿರು ಬಿಟ್ಟೆ.

"ಉಪಕಾರ ಆಮ್ಯಾಲ. ಮೊದಲ ಬಾಯಿಗೆ ಇಡಾವ್ರು ಹಿರಿಯರಂತಲ್ಲ. ಓಣ್ಯಾಗ ಹಿರಿಯರು ನೀವ."

"ನಾನು ಹೆಂಗ ಕಾಂಬಳೆಯವರ…"

"ಯಾಕ್ರಿ? ಧ್ವಜದ ದಿನ ಕಾಶ್ಮೀರದಿಂದ ಹಿಡದು ಎಲ್ಲಾರ್ನೂ ಒಂದ ಪಂಕ್ತಿಗೆ ಕುಂದ್ರಸ್ತಿದ್ರಿ ಅಂತ ನನ್ನ ಮಗಾ ಮನಿಗೆ ಬಂದು ಹೇಳಾಂವ. ನಮ್ಮ ಹಿತ್ತಲಾ ಭಾರತದಾಗ ಬರತೈತೋ, ಅದರಾಚಿಗೋ?"

ಅವರು ನಗುತ್ತಲೇ ಕೇಳಿದರು. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿಯೂ ಅವರ ಮನೆಯಲ್ಲಿ ನಾನು ಎಲೆ ಹಾಕಿಸಿಕೊಂಡು ಕುಳಿತದ್ದಿಲ್ಲ. ಅವರು ಕರೆದಿಲ್ಲವೆಂದು ನಾನೂ, ನಾನು ಬರಲಾರೆನೆಂದು ಅವರೂ, ಇಬ್ಬರೂ ಬಹಳ ಸೌಜನ್ಯದಿಂದ ಆ ಮಾತನ್ನು ಮುಟ್ಟದೆ ಬಿಟ್ಟಿದ್ದೆವು.

ಮೀನು ನದಿಯದೇ ಆಗಬೇಕು, ತಲೆ ಬಾಲ ಸಮೇತ ಇಡಿಯದೇ ಆಗಬೇಕು ಎಂದು ನಿಮಾಯಿ ಹೇಳಿದ್ದ. ಸವದತ್ತಿಯ ಕಡೆ ಮಲಪ್ರಭೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ಅಂಥದು ಸಿಗುತ್ತದೆ, ನನ್ನ ಬಸ್ಸಿನಲ್ಲಿ ತರುತ್ತೇನೆ ಎಂದು ಕಾಂಬಳೆಯವರು ಒಪ್ಪಿಕೊಂಡಿದ್ದರು. ಆದರೆ ಮೀನು ತರಬೇಕಾಗಿದ್ದ ದಿನವೇ ಅವರ ಪಾಳಿಯನ್ನು ರಾಮದುರ್ಗದ ಬಸ್ಸಿಗೆ ಬದಲಿಸಿಬಿಟ್ಟರು. ನಾನಂತೂ ಅಂದು ಸವದತ್ತಿಯ ಮಠವೊಂದರಲ್ಲಿ ಶ್ರಾವಣದ ಪ್ರವಚನಕ್ಕೆ ಹೋಗಬೇಕಾಗಿತ್ತು. "ಸ್ಟ್ಯಾಂಡಿನ್ಯಾಗ ನಮ್ಮಾಂವ ಒಬ್ಬ ಚೀಲಾ ತಂದು ಕೈಯಾಗ ಕೊಡತಾನ. ನೀವು ಬರೇ ತೊಡೀಮ್ಯಾಲ ಇಟಗೊಂಡು ಬರ್ರಿ. ಒಳಗ ನೋಡಬ್ಯಾಡ್ರಿ, ಅಷ್ಟ" ಎಂದರು ಕಾಂಬಳೆ. ಅಂದು ನಾನು ಪ್ರವಚನದಲ್ಲಿ ಹೇಳಬೇಕಾಗಿದ್ದ ವಿಷಯ ಸಕಲ ಜೀವಿಗಳಲ್ಲಿ ದಯೆ.

ಚೀಲ ಕೊಟ್ಟ ಮನುಷ್ಯನು ನನ್ನ ಹಣೆಯ ವಿಭೂತಿಯನ್ನು ನೋಡಿ ಗಾಬರಿಯಾದ. ನನ್ನ ಮರ್ಯಾದೆ ಕಾಯುವ ಸದುದ್ದೇಶದಿಂದ, ಮಂಜುಗಡ್ಡೆಯಿಟ್ಟು ಸುತ್ತಿದ ಆ ಪೊಟ್ಟಣವನ್ನು ಎಲ್ಲಿಂದಲೋ ತಂದ ಕಾವಿ ಬಣ್ಣದ ಚೀಲದೊಳಗೆ ಇಳಿಸಿ ಕೊಟ್ಟ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕದಲ್ಲಿ ಕುಳಿತೆ. ನನ್ನ ಪ್ರವಚನವನ್ನು ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದ ಹೂಲಿಯ ಮುದುಕಿಯೊಬ್ಬಳು, ಬೈಲಹೊಂಗಲದ ಮಗಳ ಮನೆಗೆ ಹೊರಟವಳು, ಬಂದು ಪಕ್ಕದಲ್ಲಿಯೇ ಕುಳಿತಳು.

"ಮಠದ ಪ್ರಸಾದ ಏನ್ರಿ ಮಾಸ್ತರ್ರ?"

ನಾನು ಸುಳ್ಳಾಡುವವನಲ್ಲ. "ಒಬ್ಬ ಹುಡುಗನ ತಂದಿ ಕಾರ್ಯಕ್ಕ ಒಯ್ಯಾಕತ್ತೇನವ್ವಾ" ಎಂದೆ. ಅದು ಸತ್ಯವೇ ಆಗಿತ್ತು.

"ಪುಣ್ಯೇವಂತ್ರು ನೀವು" ಎಂದು ಆಕೆ ತೊಟ್ಟಿಕ್ಕುತ್ತಿದ್ದ ಚೀಲವನ್ನು ಎರಡೂ ಕೈಯಿಂದ ಮುಟ್ಟಿ, ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಎಷ್ಟ ತಣ್ಣಗೈತಿ ನೋಡ್ರಿ, ಶಿವನ ತಲೀಮ್ಯಾಗಿನ ಗಂಗೀ ಇದ್ದಂಗ." ಮುರಗೋಡ ಸಮೀಪಿಸುವ ಹೊತ್ತಿಗೆ ಗಂಗೆ ಬೆಚ್ಚಗಾದಳು. ಮುದುಕಿ ಮೂಗಿಗೆ ಸೆರಗು ಹಿಡಿದು ಹಿಂದಿನ ಸೀಟುಗಳ ಕಡೆ ತಿರುಗಿ ಗದರಿದಳು: "ಯಾರ್ರೆಪಾ ಬಸ್ಸಿನ್ಯಾಗ ಮೀನಾ ತಂದಾವ್ರು? ಇಲ್ಲೆ ಹಿರ್ಯಾರು ಪ್ರಸಾದ ಇಟಗೊಂಡು ಕುಂತಾರ ಅನ್ನೂ ಖಬರ ಬ್ಯಾಡೇನು ನಿಮಗ?" ಹಿಂದಿನ ಸೀಟಿನವರು ಒಬ್ಬರನ್ನೊಬ್ಬರು ಸಂಶಯದಿಂದ ನೋಡಿಕೊಂಡರು. ಆಕೆ ನನ್ನ ಕಡೆ ತಿರುಗಿ, "ಕಾಲ ಕೆಟ್ಟೈತಿ, ಹೌದಿಲ್ರಿ ಮಾಸ್ತರ್ರ?" ಎಂದಳು. ನಾನು ತಲೆಯಾಡಿಸಿದೆ. ಯಾವ ಅರ್ಥದಲ್ಲಿ ಎಂದು ಕೇಳಬೇಡಿ. ಬಂಗಾಳದಿಂದ ನಾನು ಕಲಿತ ಮೊದಲ ವಿದ್ಯೆ ಅದು.

ಮರುದಿನ ಮಧ್ಯಾಹ್ನ ಕಾಂಬಳೆಯವರ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಎಲೆಗಳನ್ನು ಹಾಕಿದ್ದರು. ಮೋಡ ಕವಿದ, ಗಾಳಿಯಿಲ್ಲದ ದಿನ. ಒಲೆಯ ಮೇಲೆ ಏನು ಕುದಿಯುತ್ತಿತ್ತೋ ಅದರ ಕಡೆ ನೋಡದೆ ನಾನು ಗೋಡೆಯ ಬುಡದಲ್ಲಿ ನಿಂತಿದ್ದೆ. ನಿಮಾಯಿ ಕ್ಷೌರ ಮಾಡಿಸಿಕೊಂಡು, ಬೋಳು ತಲೆಯಲ್ಲಿ ಸಣ್ಣ ಹುಡುಗನಂತೆ ಕಾಣುತ್ತ ಚಾಪೆಯ ಮೇಲೆ ಕುಳಿತಿದ್ದ. ಕೊರಳಲ್ಲಿ ಬೀಗದ ಕೈ ಇನ್ನೂ ಇತ್ತು. ಪಂಕ್ತಿಯ ಮೊದಲಲ್ಲಿ ಹಿರಿಯರಿಗೆಂದು ಹಾಕಿದ ಎಲೆ ಖಾಲಿಯಿತ್ತು. ಯಾರೂ ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಇಲ್ಲವೆನ್ನುವುದು ಸುಲಭವಾಗುತ್ತಿತ್ತು. ಅವನು ಆ ಖಾಲಿ ಎಲೆಯನ್ನೊಮ್ಮೆ, ತಂದೆ ಅಲ್ಲಿಗೂ ಬಂದು ನಿಂತಿರುವಂತೆ ಹಿತ್ತಲ ಬಾಗಿಲನ್ನೊಮ್ಮೆ ನೋಡುತ್ತಿದ್ದ. ನಾನು ಹೋಗಿ ಕುಳಿತೆ. ಕುಳಿತ ಮೇಲೆ, ಮುಂದೇನು ಎಂಬುದು ನನಗೆ ಹೊಳೆಯಲಿಲ್ಲ. ಮೀನಿನ ತುಣುಕನ್ನು ಬಾಯಿಗಿಡುವುದು ಈ ಜನ್ಮದಲ್ಲಿ ಆಗದ ಮಾತು. ಎದ್ದು ಹೋಗುವುದೂ ಇನ್ನು ಆಗದ ಮಾತು.

ಆಗ ನನ್ನ ಮನೆಯವರು ಸೆರಗಿನ ಕೆಳಗೆ ತಾಟು ಮುಚ್ಚಿಕೊಂಡು ಬಂದು, ನನ್ನ ಎಲೆಯ ಮೇಲೆ ಏನನ್ನೋ ಇಟ್ಟರು. ಗೋಧಿಹಿಟ್ಟಿನ ಕಡಬು. ಆದರೆ ಅದಕ್ಕೆ ಬಾಲವಿತ್ತು, ಮೈಮೇಲೆ ಉಗುರಿನಿಂದ ಮೂಡಿಸಿದ ಹುರುಪೆಗಳಿದ್ದವು, ಕಣ್ಣಿನ ಜಾಗದಲ್ಲಿ ಮೆಣಸಿನ ಕಾಳುಗಳಿದ್ದವು. ಮೀನನ್ನು ಹತ್ತಿರದಿಂದ ಕಂಡವರಲ್ಲವಾದ್ದರಿಂದ ಅದಕ್ಕೆ ಎರಡು ಕಿವಿಗಳನ್ನೂ ಇಟ್ಟಿದ್ದರು.

"ನನ್ನ ಕಡೆ ಏನ ನೋಡತೀರಿ? ಮೀನ ಅದು. ಬಾಯಿಗೆ ಇಡ್ರಿ" ಎಂದರು.

ಕಾಂಬಳೆಯವರು ಬಗ್ಗಿ ನೋಡಿ, "ಗೌರಕ್ಕಾರ, ಯಾ ನದ್ಯಾಗಿಂದ್ರಿ ಇದು? ಕಿವೀನೂ ಅದಾವು!" ಎಂದರು.

"ನಮ್ಮ ಅಡಗೀಮನಿ ಹೊಳೀದು. ನೀವು ಸುಮ್ಮ ಕುಂದರ್ರಿ."

ಎಲ್ಲರೂ ನಿಮಾಯಿಯ ಮುಖ ನೋಡಿದೆವು. ಇದು ಸಲ್ಲುತ್ತದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದವನು ಅವನೊಬ್ಬನೇ. ಬಾಗಿಲಲ್ಲಿ ನಿಂತಿದ್ದದ್ದು ಅವನ ತಂದೆ. ಅವನು ಆ ಕಡಬನ್ನು ಬಹಳ ಹೊತ್ತು ನೋಡಿದ. ಒಡವೆಯ ಕೆಲಸವನ್ನು ಪರೀಕ್ಷಿಸುವವನ ಹಾಗೆ ಬಗ್ಗಿ, ಹುರುಪೆಗಳ ಮೇಲೆ ಬೆರಳಾಡಿಸಿದ. "ಕಿವಿ ಇರೂದು ಚಲೋ ಆತು ಮಾತಾಜಿ" ಎಂದ. "ನಾ ಬಾಬಾಗ ಹೇಳೂದು ಕೇಳಸತೈತಿ." ಆಮೇಲೆ ಅದರ ಕಿವಿಗೆ ಬಾಯಿ ಹತ್ತಿರ ತಂದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಸ್ವಲ್ಪ ಉದ್ದವಾಗಿಯೇ ಹೇಳಿದ. ನಮ್ಮಲ್ಲಿ ಯಾರಿಗೂ ಅದು ತಿಳಿಯಲಿಲ್ಲ, ತಿಳಿಯಬೇಕಾದ್ದೂ ಇರಲಿಲ್ಲ.

ನಾನು ಇಷ್ಟಲಿಂಗವನ್ನು ಸ್ಮರಿಸಿ ಬಾಲದ ಕಡೆಯಿಂದ ಮುರಿದು ಬಾಯಿಗಿಟ್ಟೆ. ಸಂಕಲ್ಪವೇ ಮುಖ್ಯವೆಂದರೆ ಅಂದು ನಾನು ಮೀನು ತಿಂದೆ. ದ್ರವ್ಯವೇ ಮುಖ್ಯವೆಂದರೆ ಕಡಬು ತಿಂದೆ. ಇದನ್ನು ಮಠದ ಸ್ವಾಮಿಗಳ ಮುಂದಿಟ್ಟು ನಿರ್ಣಯ ಕೇಳುವ ಧೈರ್ಯ ನನಗೆ ಇದುವರೆಗೂ ಬಂದಿಲ್ಲ. ನನ್ನ ನಂತರ ನಿಮಾಯಿ ತನ್ನ ಎಲೆಯ ಮೇಲಿನದನ್ನು ತಿಂದ, ತಿನ್ನುತ್ತಲೇ ಅಳತೊಡಗಿದ. ಅಷ್ಟು ದಿನ ಕಟ್ಟೆಯ ಮೇಲೆ ಕಲ್ಲಿನಂತೆ ಕುಳಿತಿದ್ದವನು ಬಾಯಲ್ಲಿ ತುತ್ತಿಟ್ಟುಕೊಂಡೇ ದೊಡ್ಡ ದನಿಯಲ್ಲಿ ಅತ್ತ. ಅಳಬೇಡವೆಂದು ಹೇಳುವ ನನ್ನ ಸುಪ್ರಸಿದ್ಧ ಮಾತು ನಾಲಗೆಯವರೆಗೆ ಬಂದಿತು. ಆದರೆ ಬಾಯಲ್ಲಿ ಮೀನಿತ್ತು. ಅವನು ಕೊರಳಿನ ದಾರ ಬಿಚ್ಚಿ ಬೀಗದ ಕೈಯನ್ನು ನನ್ನ ಮುಂದಿಟ್ಟು ಬಾಗಿಲ ಕಡೆ ನೋಡಿದ. ಹಿತ್ತಲ ಬಾಗಿಲು ಅರ್ಧ ಮುಚ್ಚಿತ್ತು. ಕರ್ಮವನ್ನೆಲ್ಲ ಬಿಟ್ಟ ಕಾಂಬಳೆಯವರು, ಯಾರೂ ಹೇಳದೆಯೇ ಎಂಜಲ ಕೈಯಲ್ಲಿ ಎದ್ದು ಹೋಗಿ, ಎರಡೂ ಕದಗಳನ್ನು ಗೋಡೆಗೆ ತಾಗುವಂತೆ ತೆರೆದಿಟ್ಟು, ಒಂದು ಬದಿಗೆ ಸರಿದು ನಿಂತರು.

ನಿಮಾಯಿ ಮರುದಿನ ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದ. ಮುಂದಿನ ಬೇಸಿಗೆಯ ಹೊತ್ತಿಗೆ ಅವನ ಊರಿನವರಾರೋ ಹೈದರಾಬಾದಿಗೆ ಕರೆದರೆಂದು, ನಮ್ಮಿಬ್ಬರ ಕಾಲಿಗೂ ಬಿದ್ದು, ಟ್ರಂಕು ಹೊತ್ತುಕೊಂಡು ಹೊರಟುಹೋದ. ಆಮೇಲೆ ಸುದ್ದಿಯಿಲ್ಲ. ಮಾಳಿಗೆಗೆ ಬೇರೆಯವರು ಬಂದಿದ್ದಾರೆ; ಇಲ್ಲಿಯೇ ಕಟಕೋಳದ ಕಡೆಯವರು, ನಮ್ಮವರೇ. ಅವರಲ್ಲಿ ನನಗೆ ತಿಳಿಯದ ಸಂಪ್ರದಾಯ ಒಂದೂ ಇಲ್ಲ. ಮನೆ ಬಹಳ ಸಪ್ಪಳವಿಲ್ಲದಂತಾಗಿದೆ.

ನೆಮ್ಮದಿ ಕಳೆದುಕೊಂಡವನು ನಾನು. ನಾನು ಎಂದೂ ಕಾಣದ ಆ ಬಂಗಾಳದ ಮುದುಕನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿಕೊಂಡಿತು. ಸಾವಿರಾರು ಮೈಲಿ ಆಚೆ ಒಬ್ಬ ಮಗನು ಅವನಿಗಾಗಿ ಬರಿಗಾಲಲ್ಲಿ ನಡೆದ, ಸಪ್ಪೆ ಉಂಡ, ನೆಲಕ್ಕೆ ಕುಳಿತ, ಪರದೇಶದವರನ್ನು ಕೂಡಿಸಿ ಅವನನ್ನು ಬಾಗಿಲು ದಾಟಿಸಿದ. ನನಗೂ ಇಬ್ಬರು ಮಕ್ಕಳು. ಹಿರಿಯವನದು ರಾಮದುರ್ಗದಲ್ಲಿ ಬೀಜ ಗೊಬ್ಬರದ ಅಂಗಡಿ, ಕಿರಿಯವನು ಕಿತ್ತೂರಿನಲ್ಲಿ ಮಾಸ್ತರ. ಇಬ್ಬರೂ ಸದ್ಗುಣಿಗಳು, ತಂದೆಯ ಮಾತು ಮೀರುವವರಲ್ಲ. ಹೋದ ವರ್ಷ ನನ್ನ ತಮ್ಮನು ಲಿಂಗೈಕ್ಯನಾದಾಗ ಹಿರಿಯವನು ಮರುದಿನವೇ ಅಂಗಡಿ ತೆರೆದ. ಇಷ್ಟು ಬೇಗನೆ ತೆರೆದೆಯಲ್ಲ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮೊಳಗ ಸೂತಕ ಇಲ್ರಿ, ನಮ್ಮಪ್ಪಾರ ಕಲಿಸ್ಯಾರ" ಎಂದನಂತೆ. ನನ್ನ ಪಾಠವನ್ನು ಅಷ್ಟು ಪೂರ್ತಿಯಾಗಿ ಕಲಿತ ವಿದ್ಯಾರ್ಥಿ ನನಗೆ ಇನ್ನೊಬ್ಬ ಸಿಕ್ಕಿಲ್ಲ.

ಒಂದು ಸಂಜೆ ನನ್ನ ಮನೆಯವರು ಕಟ್ಟೆಯ ಮೇಲೆ ಮೆಂತೆಪಲ್ಲೆ ಸೋಸುತ್ತಿದ್ದಾಗ, ಮಾತಿಗೆಂಬಂತೆ ಕೇಳಿದೆ. "ನಾ ಹೋದ ಮ್ಯಾಲ ನೀ ನನ್ನ ಸಲುವಾಗಿ ಏನರ ಬಿಡತೀ ಏನು?"

ಅವರು ಪಲ್ಲೆಯಿಂದ ಕಣ್ಣೆತ್ತಲಿಲ್ಲ. "ನನಗ ಬಿ.ಪಿ. ಐತಿ, ಉಪ್ಪಾ ಬಿಡ್ರಿ ಅಂತ ಡಾಕ್ಟರ್ ಮೊನ್ನೆ ಹೇಳ್ಯಾರ. ನಾಳಿಂದ ಹೆಂಗೂ ಬಿಡಾಕಿ ಅದೇನಿ. ಅದನ್ನ ನಿಮ್ಮ ಸಲುವಾಗಿ ಅಂತ ತಿಳಕೋರಿ."

ಹೇಳಿದಂತೆ ಮರುದಿನದಿಂದ ಬಿಟ್ಟರು. ಎರಡು ಬಗೆಯ ಅಡುಗೆ ಮಾಡುವ ತ್ರಾಣ ಈ ವಯಸ್ಸಿನಲ್ಲಿ ಅವರಿಗಿಲ್ಲ. ಒಂದೇ ಗಡಿಗೆಯ ಸಪ್ಪೆಯನ್ನು ಇಬ್ಬರೂ ಉಣ್ಣುತ್ತೇವೆ. ಹೀಗಾಗಿ, ಸೂತಕವೆಂಬುದು ಇಲ್ಲವೇ ಇಲ್ಲವೆಂದು ಊರಿಗೆಲ್ಲ ಬೋಧಿಸಿದ ನಾನು, ಈಗ ದಿನಕ್ಕೆರಡು ಹೊತ್ತು ಜೀವಂತನಾಗಿ ಎಲೆಯ ಮುಂದೆ ಕುಳಿತು, ನನ್ನ ಸೂತಕದ ಊಟವನ್ನು ನಾನೇ ಮುಂಗಡವಾಗಿ ಉಣ್ಣುತ್ತಿದ್ದೇನೆ.